ಹಡಗು ಇಳಿದ ಮೇಲಿನ ಅಲಾಸ್ಕಾ: ರಸಿಕರಿಗೊಂದು ಕೈಪಿಡಿ

ಸಿಯಾಟಲ್ಲಿನಲ್ಲೋ ಬೇ ಏರಿಯಾದಲ್ಲೋ ಕೆಲಸದಲ್ಲಿರುವ ಮಕ್ಕಳು, ಊರಿಂದ ಬಂದ ಅಪ್ಪ-ಅಮ್ಮನನ್ನು ಬೇಸಿಗೆಯಲ್ಲಿ ಅಲಾಸ್ಕಾ ಕ್ರೂಸಿಗೆ ಕರೆದುಕೊಂಡು ಹೋಗುವುದು ಈಗ ನಮ್ಮವರಲ್ಲೂ ಅಪರೂಪವಲ್ಲ. ವಾರವಿಡೀ ಬಾಲ್ಕನಿಯಲ್ಲಿ ಕುಳಿತು ಹಿಮನದಿ ನೋಡಿ, ತಿಮಿಂಗಿಲ ಉಸಿರು ಚಿಮ್ಮಿಸಿದ್ದನ್ನು ಮೊಬೈಲಿನಲ್ಲಿ ಹಿಡಿದು, ಕೊನೆಯ ಬೆಳಿಗ್ಗೆ ಸೂಟ್‌ಕೇಸ್ ಎಳೆದುಕೊಂಡು ಇಳಿದವರಲ್ಲಿ ಬಹಳ ಜನ ಅಂದೇ ಆಂಕರೇಜಿನಿಂದ ವಿಮಾನ ಹತ್ತಿಬಿಡುತ್ತಾರೆ. ಅವರು ಬಿಟ್ಟುಹೋಗುತ್ತಿರುವುದು ಏನೆಂದು ನೆನೆದರೆ ನನಗೆ ಹೊಟ್ಟೆ ಚುರ್ರೆನ್ನುತ್ತದೆ. ಹಡಗು ತೋರಿಸುವುದು ಕರಾವಳಿಯ ಅಂಚು, ಅದೂ ತನ್ನ ವೇಳಾಪಟ್ಟಿಯ ಪ್ರಕಾರ. ಒಳನಾಡನ್ನು ನೋಡಲು ಇನ್ನೊಂದು ವಾರ ಬೇಕು, ನಿಮ್ಮದೇ ಕಾಲು ಬೇಕು. ಆ ವಾರವನ್ನು ಹೇಗೆ ಹೊಂದಿಸಿಕೊಳ್ಳಬೇಕು, ಅಲ್ಲಿ ಏನನ್ನು ಹೇಗೆ ನೋಡಬೇಕು ಎಂದು ತಿಳಿಸುವ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಟಿಕೆಟ್ಟಿನ ಮಾತು. 1886ರ ಒಂದು ಅಮೆರಿಕನ್ ಕಾಯ್ದೆಯಿಂದಾಗಿ, ವಿದೇಶಿ ಧ್ವಜದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿಸಿಕೊಂಡವರನ್ನು ಸಾಮಾನ್ಯವಾಗಿ ಆ ದೇಶದ ಇನ್ನೊಂದು ಬಂದರಿನಲ್ಲಿ ಇಳಿಸಿಬಿಡುವಂತಿಲ್ಲ. ದೊಡ್ಡ ಕ್ರೂಸ್ ಹಡಗುಗಳೆಲ್ಲ ಬಹುಮಟ್ಟಿಗೆ ವಿದೇಶಿ ಧ್ವಜದವೇ. ಹಾಗಾಗಿ ಸಿಯಾಟಲ್ಲಿನಲ್ಲಿ ಹತ್ತಿ, ಜೂನೋದಲ್ಲೇ ಇಳಿದು ಉಳಿದುಬಿಡುವ ಯೋಚನೆ ಬೇಡ. ಕೆನಡಾದ ವ್ಯಾಂಕೂವರ್‌ನಿಂದ ಹೊರಟು ಅಲಾಸ್ಕಾದ ಸೀವರ್ಡ್ ಅಥವಾ ವಿಟಿಯರ್‌ನಲ್ಲಿ ಮುಗಿಯುವ ಒಂಟಿದಾರಿಯ ಕ್ರೂಸನ್ನೇ ಆರಿಸಿಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇರುವವರು ಕೆನಡಾದ ವೀಸಾ ಬೇರೆಯೇ ಮಾಡಿಸಬೇಕು. ಅಮೆರಿಕದ ವೀಸಾದಲ್ಲಿ ಮರುಪ್ರವೇಶಕ್ಕೆ ಅವಕಾಶ ಇದೆಯೇ ಎಂದೂ ನೋಡಿಕೊಳ್ಳಬೇಕು.

ಎರಡು ಬಂದರುಗಳಲ್ಲಿ ನನ್ನ ಓಟು ಸೀವರ್ಡ್‌ಗೆ. ವಿಟಿಯರ್ ಆಂಕರೇಜಿಗೆ ಹತ್ತಿರ, ನಿಜ. ಅಲ್ಲಿಂದ ಹೊರಬರುವ 4 ಕಿ.ಮೀ. ಸುರಂಗ ಕೂಡ ನೋಡುವಂಥದ್ದೇ: ಒಂದೇ ಓಣಿ, ರೈಲಿಗೂ ಕಾರಿಗೂ ಅದೇ ದಾರಿ, ಸರದಿಯ ಮೇಲೆ ಒಮ್ಮೆ ಆ ಕಡೆಯವರು, ಒಮ್ಮೆ ಈ ಕಡೆಯವರು. ಆದರೆ ಸೀವರ್ಡ್‌ನಲ್ಲಿ ಇಳಿದರೆ ಕೀನಾಯ್ ಫಿಯರ್ಡ್ಸ್ ರಾಷ್ಟ್ರೀಯ ಉದ್ಯಾನ ಬಾಗಿಲಲ್ಲೇ ಇರುತ್ತದೆ. ಇಳಿದ ದಿನವೇ ಉತ್ತರಕ್ಕೆ ಓಡಬೇಡಿ. ರೂಮು ಹಿಡಿದು ಹಡಗಿನ ಬಟ್ಟೆಗಳನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬಿ ಬದಿಗಿಡಿ. ಸಾಧ್ಯವಿದ್ದರೆ ಅಂಚೆಯಲ್ಲಿ ಮನೆಗೇ ಕಳಿಸಿ. ಮುಂದಿನ ವಾರಕ್ಕೆ ಒಂದು ಬೆನ್ನುಚೀಲ ಸಾಕು.

ಎಕ್ಸಿಟ್ ಗ್ಲೇಸಿಯರ್ ಇರುವುದು ಸೀವರ್ಡ್‌ನಿಂದ ಸುಮಾರು 20 ಕಿ.ಮೀ. ದೂರದಲ್ಲಿ. ಉದ್ಯಾನದಲ್ಲಿ ರಸ್ತೆಯ ಮೂಲಕ ತಲುಪಬಹುದಾದ ಭಾಗ ಇದೊಂದೇ. ಹಿಮನದಿಯನ್ನು ನೋಡುವ ಪಾಠ ಇಲ್ಲಿಂದಲೇ ಶುರುವಾಗಲಿ. ಹೋಗುವ ರಸ್ತೆಯ ಬದಿಯಲ್ಲಿ, ಆಮೇಲೆ ಕಾಲುದಾರಿಯಲ್ಲಿ, ಬರಿಯ ಇಸವಿ ಬರೆದ ಸಣ್ಣ ಫಲಕಗಳು ಸಿಗುತ್ತವೆ: 1917, 1926, 1951 ಹೀಗೆ. ಆಯಾ ವರ್ಷ ಹಿಮದ ಮೂತಿ ಇದ್ದದ್ದು ಅಲ್ಲಿ. ಹೆಚ್ಚಿನವರು ಫಲಕದ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ನೀವು ಎರಡು ಫಲಕಗಳ ನಡುವಿನ ನೆಲವನ್ನು ನೋಡಿ. ಹಿಮದ ಹತ್ತಿರ ಬರೀ ಉಜ್ಜಿದ ಬಂಡೆ, ಹಿಮ ಎಳೆದುಹೋದ ಗೀರು. ಸ್ವಲ್ಪ ಈಚೆಗೆ ಪಾಚಿ, ನೇರಳೆ-ಗುಲಾಬಿ ಹೂವಿನ ಫೈರ್‌ವೀಡ್. ಇನ್ನೂ ಈಚೆಗೆ ಆಲ್ಡರ್ ಮತ್ತು ವಿಲೋ ಪೊದೆ, ಆಮೇಲೆ ಕಾಟನ್‌ವುಡ್ ಮರ, ಕೊನೆಗೆ ಸ್ಪ್ರೂಸ್ ಕಾಡು. ಬೋಳು ಕಲ್ಲು ಕಾಡಾಗಲು ಎಷ್ಟು ಕಾಲ ಹಿಡಿಯಿತು ಎಂಬುದು ಹೆಜ್ಜೆಯ ಲೆಕ್ಕದಲ್ಲಿ ಸಿಗುತ್ತದೆ. ಹಿಮ ಹಿಂದೆ ಸರಿಯುವ ವೇಗ ಇತ್ತೀಚೆಗೆ ಹೆಚ್ಚಾಗಿರುವುದೂ ಫಲಕಗಳ ನಡುವಿನ ದೂರದಲ್ಲೇ ಕಾಣುತ್ತದೆ. ಅದನ್ನು ನೋಡಿ ಮನಸ್ಸು ಭಾರವಾದರೆ ಆಗಲಿ. ಈ ಜಾಗವನ್ನು ಪ್ರೀತಿಸುವವರಿಗೆ ಆ ಭಾರ ತಪ್ಪಿದ್ದಲ್ಲ.

ಕಾಲಲ್ಲಿ ಕಸುವಿರುವವರು ಮಾರನೇ ದಿನ ಹಾರ್ಡಿಂಗ್ ಐಸ್‌ಫೀಲ್ಡ್ ದಾರಿ ಹತ್ತಿ. ಹೋಗಿ ಬರಲು 13 ಕಿ.ಮೀ., ಏರು ಸುಮಾರು ಸಾವಿರ ಮೀಟರ್, ಆರರಿಂದ ಎಂಟು ತಾಸು. ಮೇಲ್ಭಾಗದಲ್ಲಿ ಜುಲೈವರೆಗೂ ಹಿಮ ಉಳಿದಿರುತ್ತದೆ. ತುದಿಯಲ್ಲಿ ನಿಂತರೆ ಕಣ್ಣು ಹರಿಯುವವರೆಗೂ ಬಿಳಿ. ಬೆಟ್ಟಗಳು ತಲೆ ಮಾತ್ರ ಹೊರಗಿಟ್ಟು ಮುಳುಗಿವೆ. ಸುಮಾರು 40 ಹಿಮನದಿಗಳು ಇಳಿದುಬರುವುದು ಈ ಒಂದು ಹರವಿನಿಂದ. ಹತ್ತಲಾಗದವರು ದೋಣಿಯಲ್ಲಿ ಫಿಯರ್ಡ್‌ಗಳಿಗೆ ಹೋಗಲಿ. ಕಯಾಕ್ ಆದರೆ ಇನ್ನೂ ಉತ್ತಮ, ಅನುಭವವಿಲ್ಲದವರು ಗೈಡ್ ಇಲ್ಲದೆ ಇಳಿಯಕೂಡದು. ಹಿಮಗೋಡೆ ಕಳಚುವುದನ್ನು ನೋಡುವಾಗ ಒಂದು ಕ್ರಮ ರೂಢಿಸಿಕೊಳ್ಳಿ. ತುಂಡು ಬಿದ್ದದ್ದು ಕಣ್ಣಿಗೆ ಕಂಡ ಕ್ಷಣದಿಂದ ಸದ್ದು ಕಿವಿಗೆ ಬೀಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಹತ್ತಿರವೇ ಇದೆ ಎಂದುಕೊಂಡಿದ್ದ ಗೋಡೆ ಎಷ್ಟು ದೂರ, ಎಷ್ಟು ಎತ್ತರ ಎಂಬುದು ಆಗ ಮೈಗೆ ತಟ್ಟುತ್ತದೆ. ಹಡಗಿನ ಹನ್ನೆರಡನೇ ಮಹಡಿಯಿಂದ ಅದು ತಟ್ಟುವುದಿಲ್ಲ.

ಸೀವರ್ಡ್‌ನಿಂದ ಆಂಕರೇಜಿಗೆ 200 ಕಿ.ಮೀ. ಸ್ವಲ್ಪ ಮೇಲೆ. ರೈಲೂ ಇದೆ, ಕಾರೂ ಆಗುತ್ತದೆ. ಬಾಡಿಗೆ ಕಾರನ್ನು ತಿಂಗಳುಗಟ್ಟಲೆ ಮೊದಲೇ ಗೊತ್ತುಮಾಡಬೇಕು. ಜಲ್ಲಿ ರಸ್ತೆಗೆ ಒಯ್ಯಬಾರದೆಂಬ ಷರತ್ತು ಎಷ್ಟೋ ಒಪ್ಪಂದಗಳಲ್ಲಿ ಇರುತ್ತದೆ, ಓದಿಯೇ ಸಹಿ ಹಾಕಿ. ಈ ದಾರಿಯ ಕೊನೆಯ ಭಾಗ ಟರ್ನಗೇನ್ ಆರ್ಮ್ ಎಂಬ ಸಮುದ್ರದ ತೋಳಿನ ಅಂಚಿನಲ್ಲಿ ಸಾಗುತ್ತದೆ. ಇಲ್ಲಿ ಭರತ-ಇಳಿತಗಳ ಅಂತರ 30 ಅಡಿಗೂ ಹೆಚ್ಚು. ಅಮಾವಾಸ್ಯೆ-ಹುಣ್ಣಿಮೆಗಳ ಆಸುಪಾಸಿನಲ್ಲಿ ಏರುವ ನೀರು ಒಂದೇ ಉದ್ದನೆಯ ಅಲೆಯಾಗಿ ತೋಳಿನೊಳಗೆ ನುಗ್ಗುತ್ತದೆ. ಆಂಕರೇಜಿನ ಇಳಿತದ ಹೊತ್ತಿಗೆ ಒಂದು ತಾಸಿನ ಮೇಲೆ ಸ್ವಲ್ಪ ಸೇರಿಸಿ, ಬೆಲೂಗ ಪಾಯಿಂಟಿನಲ್ಲಿ ಕಾದರೆ ಕಂಡೀತು. ದಡದ ಕೆಸರಿಗೆ ಮಾತ್ರ ಕಾಲಿಡಬೇಡಿ. ಹಿಮನದಿ ಅರೆದ ನುಣ್ಣನೆಯ ಹೂಳು ಅದು, ಹಿಡಿದರೆ ಬಿಡುವುದಿಲ್ಲ, ಅಷ್ಟರಲ್ಲಿ ನೀರು ಏರುತ್ತದೆ. ರಸ್ತೆಬದಿಯಲ್ಲಿ ಬೂದು ಬಣ್ಣದ ಸತ್ತ ಮರಗಳು ಸಾಲಾಗಿ ನಿಂತಿರುವುದೂ ಕಾಣುತ್ತದೆ. 1964ರ ಮಾರ್ಚ್ 27ರ ಭೂಕಂಪದಲ್ಲಿ, 9.2 ತೀವ್ರತೆಯದು, ಇಲ್ಲಿನ ನೆಲ ಕುಸಿದು ಉಪ್ಪುನೀರು ಬೇರಿಗೆ ನುಗ್ಗಿತು. ಅಂದು ಸತ್ತ ಕಾಡು ಇನ್ನೂ ನಿಂತಿದೆ.

ಇನ್ನು ಡೆನಾಲಿ. ಆಂಕರೇಜಿನಿಂದ ಸುಮಾರು 380 ಕಿ.ಮೀ. ಉತ್ತರಕ್ಕೆ, ರೈಲಿನಲ್ಲಿ ಹೆಚ್ಚುಕಡಿಮೆ ಎಂಟು ತಾಸು. 6,190 ಮೀಟರ್ ಎತ್ತರದ ಬೆಟ್ಟ. ಉತ್ತರ ಅಮೆರಿಕದಲ್ಲಿ ಇದಕ್ಕಿಂತ ಎತ್ತರದ್ದು ಇಲ್ಲ. ಬೇಸಿಗೆಯಲ್ಲಿ ಅದು ಮೂರು ದಿನಕ್ಕೊಮ್ಮೆ ಕಂಡರೆ ಹೆಚ್ಚು, ತನ್ನದೇ ಮೋಡ ಕಟ್ಟಿಕೊಂಡು ಮರೆಯಾಗಿರುತ್ತದೆ. ಆದ್ದರಿಂದ ಇಲ್ಲಿಗೆ ಕನಿಷ್ಠ ಮೂರು ರಾತ್ರಿ ಇಡಿ. ಹೋಟೆಲು, ಕ್ಯಾಂಪ್‌ಗ್ರೌಂಡು, ಬಸ್ಸು ಎಲ್ಲ ಮೊದಲೇ ಕಾದಿರಿಸಿ, ಆದರೆ ನಡುವಿನ ಒಂದು ಹಗಲಿಗೆ ಯಾವ ಕಾರ್ಯಕ್ರಮವನ್ನೂ ಹಾಕಿಕೊಳ್ಳಬೇಡಿ. ಮೋಡ ಸರಿದ ದಿನ ಆ ಖಾಲಿ ಹಗಲು ಒದಗಿಬರುತ್ತದೆ.

1917ರಲ್ಲಿ ಆದ ಈ ಉದ್ಯಾನಕ್ಕೆ ಇರುವುದು ಒಂದೇ ರಸ್ತೆ, 148 ಕಿ.ಮೀ. ಸ್ವಂತ ಕಾರಿಗೆ ಮೊದಲ 24 ಕಿ.ಮೀ. ಮಾತ್ರ. ಮುಂದೆ ಬಸ್ಸಿನಲ್ಲೇ ಹೋಗಬೇಕು. 2021ರ ಆಗಸ್ಟಿನಲ್ಲಿ ಪ್ರೆಟಿ ರಾಕ್ಸ್ ಎಂಬಲ್ಲಿ ನೆಲ ಜಾರಿ 43ನೇ ಮೈಲಿಯ ಬಳಿ ರಸ್ತೆ ಮುಚ್ಚಿತು, ಅದನ್ನು ದಾಟಲು ಸೇತುವೆಯ ಕೆಲಸ ನಡೆಯಿತು. ನೀವು ಹೋಗುವ ವರ್ಷ ಬಸ್ಸು ಎಲ್ಲಿಯವರೆಗೆ ಎಂದು ಉದ್ಯಾನದವರಿಂದ ತಿಳಿದೇ ಟಿಕೆಟ್ ತೆಗೆಯಿರಿ. ವಿವರಣೆಯ ಪ್ರವಾಸಿ ಬಸ್ಸು ಬೇಡ, ಟ್ರಾನ್ಸಿಟ್ ಬಸ್ಸು ಹಿಡಿಯಿರಿ. ಹತ್ತಿರದಲ್ಲಿ ಪ್ರಾಣಿಗಳಿಲ್ಲದ ಕಡೆ ಬೇಕೆಂದಲ್ಲಿ ಇಳಿಯಬಹುದು, ಜಾಗವಿರುವ ಮುಂದಿನ ಬಸ್ಸಿಗೆ ಕೈ ತೋರಿಸಿ ಹತ್ತಬಹುದು.

ಹಾಗೆ ಇಳಿಯುವುದೇ ಇಡೀ ವಾರದ ಮೇಲಾದ ರಸ. ಬಸ್ಸಿನ ಧೂಳು ಅಡಗಿದ ಮೇಲೆ ನೋಡಿದರೆ ಮುಂದೆ ಕಾಲುದಾರಿ ಇಲ್ಲ, ಫಲಕ ಇಲ್ಲ. ಟಂಡ್ರಾ ದೂರದಿಂದ ಚಪ್ಪಟೆ ಹುಲ್ಲುಗಾವಲಂತೆ ಕಾಣುತ್ತದೆ, ಕಾಲಿಟ್ಟರೆ ನೆನೆದ ಹಾಸಿಗೆಯ ಮೇಲೆ ನಡೆದ ಹಾಗೆ. ಪ್ರತಿ ಹೆಜ್ಜೆಯೂ ಗೆಣ್ಣಿನವರೆಗೆ ಇಳಿದು ಮೇಲೇಳುತ್ತದೆ. ಒಂದು ಕಿಲೋಮೀಟರಿಗೆ ಒಂದು ತಾಸು ಹಿಡಿದರೂ ಅಚ್ಚರಿಯಿಲ್ಲ. ಆತುರ ಬೇಡ, ಮಂಡಿಯೂರಿ ನೋಡಿ. ಅಂಗೈಯಗಲದಲ್ಲಿ ಬೂದು ಲೈಕೆನ್, ಹೆಬ್ಬೆರಳೆತ್ತರದ ವಿಲೋ, ಆಗಸ್ಟ್ ಆದರೆ ಪುಟ್ಟ ಬ್ಲೂಬೆರಿ. ಗುಂಪಿನಲ್ಲಿದ್ದರೆ ಒಬ್ಬರ ಹಿಂದೊಬ್ಬರು ನಡೆಯಬೇಡಿ, ಹರಡಿಕೊಂಡು ನಡೆಯಿರಿ. ಒಂದೇ ಸಾಲಿನ ತುಳಿತಕ್ಕೆ ಸಿಕ್ಕ ಗಿಡ ಚೇತರಿಸಿಕೊಳ್ಳಲು ಬಹುಕಾಲ ಬೇಕು.

ಕರಡಿಯ ಭಯ ಎಲ್ಲರಿಗೂ ಇರುತ್ತದೆ, ಇರಬೇಕು ಕೂಡ. ಇಲ್ಲಿ ಕರಡಿಯಿಂದ 275 ಮೀಟರ್ ದೂರವಿರಬೇಕೆಂಬುದು ನಿಯಮ. ಪೊದೆಗಳ ನಡುವೆ ಗಟ್ಟಿಯಾಗಿ ಮಾತಾಡುತ್ತ ಹೋಗಿ. ಕನ್ನಡದಲ್ಲೇ ಮಾತಾಡಿ, ಕರಡಿಗೆ ಮನುಷ್ಯರ ದನಿ ಕೇಳಿದರೆ ಸಾಕು. ಎದುರಾದರೆ ಓಡಬಾರದು. ಮೂಸ್ ಮೈಮೇಲೆ ಬಂದರೆ ಮಾತ್ರ ಓಡಿ ಮರದ ಮರೆ ಸೇರಬೇಕು. ಅದನ್ನು ಬಡಪಾಯಿ ಎಂದುಕೊಳ್ಳಬೇಡಿ, ಕರು ಜೊತೆಗಿದ್ದಾಗ ಹತ್ತಿರವೂ ಸುಳಿಯಬೇಡಿ.

ಬಟ್ಟೆಯ ವಿಷಯದಲ್ಲಿ ಒಂದೇ ಮಾತು, ಹತ್ತಿ ಬೇಡ. ಮಳೆ ಆಗುಂಬೆಯದರಂತೆ ಧೋ ಎಂದು ಸುರಿಯದೆ, ಸಣ್ಣಗೆ ಹಿಡಿದು ದಿನಗಟ್ಟಲೆ ನಿಲ್ಲುತ್ತದೆ. ನೆಂದ ಹತ್ತಿ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಉಣ್ಣೆಯ ಒಳಂಗಿ, ಫ್ಲೀಸು, ಮೇಲೆ ಒಳ್ಳೆಯ ರೇನ್‌ಕೋಟು. ಸಸ್ಯಾಹಾರಿಗಳು ಆಂಕರೇಜಿನ ಸೂಪರ್‌ಮಾರ್ಕೆಟ್ಟಿನಲ್ಲೇ ಸಾಮಾನು ತುಂಬಿಕೊಳ್ಳಲಿ, ಮುಂದಿನ ಊರುಗಳಲ್ಲಿ ಆಯ್ಕೆ ಕಡಿಮೆ. ಅವಲಕ್ಕಿ, ಚಟ್ನಿಪುಡಿ ಹಗುರ, ಬಿಸಿನೀರಿದ್ದರೆ ಊಟವಾಯಿತು. ಬಯಲಲ್ಲಿ ಮಲಗುವವರು ವಾಸನೆ ಬರುವ ಎಲ್ಲವನ್ನೂ, ಟೂತ್‌ಪೇಸ್ಟನ್ನೂ ಬಿಡದೆ, ಕರಡಿ ತೆರೆಯಲಾಗದ ಡಬ್ಬಿಯಲ್ಲಿಟ್ಟು ಟೆಂಟಿನಿಂದ ದೂರ ಇಡಬೇಕು.

ಯಾವಾಗ ಹೋಗಬೇಕು? ಜೂನ್ ಕೊನೆಯಲ್ಲಿ ಆಂಕರೇಜಿನ ಹಗಲು 19 ತಾಸು ದಾಟುತ್ತದೆ, ಸೊಳ್ಳೆಯೂ ಆಗಲೇ ಹೆಚ್ಚು. ನನ್ನನ್ನು ಕೇಳಿದರೆ ಆಗಸ್ಟಿನ ಕೊನೆಯ ಎರಡು ವಾರ. ಮಳೆ ಜಾಸ್ತಿ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಟಂಡ್ರಾ ಕೆಂಪೇರುತ್ತದೆ, ಹಣ್ಣು ಮಾಗುತ್ತದೆ, ರಾತ್ರಿ ಮತ್ತೆ ಕತ್ತಲಾಗುವುದರಿಂದ ಧ್ರುವಪ್ರಭೆಯೂ ಒಮ್ಮೊಮ್ಮೆ ಒಲಿಯುತ್ತದೆ.

ಹೊರಡುವ ದಿನ ಒಂದು ಕೆಲಸ ಉಳಿದಿರುತ್ತದೆ. ಕರಡಿ ಸ್ಪ್ರೇ, ಒಲೆಯ ಗ್ಯಾಸ್ ಡಬ್ಬಿ ಎರಡನ್ನೂ ವಿಮಾನದಲ್ಲಿ ಒಯ್ಯುವಂತಿಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಇಲ್ಲ. ಆಗತಾನೆ ಬಂದಿಳಿದವರು ತಂಗುವ ಹಾಸ್ಟೆಲ್ ಯಾವುದೆಂದು ವಿಚಾರಿಸಿ, ಅಲ್ಲಿ ಕೊಟ್ಟು ಹೋಗಿ. ಯಾವ ತಿರುವಿನಲ್ಲಿ ಬಸ್ಸು ಇಳಿದಿರಿ, ಹೊಳೆ ದಾಟಲು ನೀರು ಎಷ್ಟಿತ್ತು ಎಂಬುದನ್ನೂ ಅವರಿಗೆ ಹೇಳಿ.