ದಾಳ, ನಗು ಮತ್ತು ಒಂದು ಕೊಡೆ

ಟಾಕೋ ಎಂಬ ಮಾಂತ್ರಿಕನೊಬ್ಬ ಗುಹೆಯಲ್ಲಿ ಕೆಂಪು ನಿಲುವಂಗಿ ತೊಟ್ಟ ಅಸ್ಥಿಪಂಜರದ ಬಳಿ ಒಂದು ಕೊಡೆ ಕಂಡು ಎತ್ತಿಕೊಳ್ಳುತ್ತಾನೆ. ‘ದಿ ಅಡ್ವೆಂಚರ್ ಜೋನ್’ ಪಾಡ್‌ಕಾಸ್ಟಿನ ಆರಂಭದ ಕಂತುಗಳಲ್ಲಿ ಬರುವ ಸಣ್ಣ ಸನ್ನಿವೇಶ ಇದು. ಆ ಹೊತ್ತಿಗೆ ಎಲ್ಲರೂ ನಗುತ್ತಿದ್ದಾರೆ. ಮಾಂತ್ರಿಕನ ಹೆಸರೇ ಮೆಕ್ಸಿಕೋದ ತಿಂಡಿಯೊಂದರ ಹೆಸರು. ಆ ತಿಂಡಿಯನ್ನು ಕಂಡುಹಿಡಿಯುವುದೇ ಅವನ ಬಾಳಿನ ಗುರಿಯಂತೆ!

2014ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ಮೂಲದ ಮೆಕೆಲ್‌ರಾಯ್ ಸಹೋದರರು ಮೂವರು, ಅಪ್ಪನನ್ನೂ ಕೂರಿಸಿಕೊಂಡು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ, ದಾಳ ಉರುಳಿಸಿ ಕಥೆ ಕಟ್ಟುವ ಆಟ ಆಡತೊಡಗಿದರು. ಆ ಆಟದ ಧ್ವನಿಮುದ್ರಣವೇ ಈ ಪಾಡ್‌ಕಾಸ್ಟ್. ಕಿರಿಯವನಾದ ಗ್ರಿಫಿನ್ ಕಥೆ ನಡೆಸುವ ಡಂಜನ್ ಮಾಸ್ಟರ್. ಅಪ್ಪ ಕ್ಲಿಂಟ್ ಆಗ ವೃತ್ತಿಯಿಂದ ರೇಡಿಯೊ ನಿರೂಪಕ; ಗಾಯಾಳುಗಳನ್ನು ಗುಣಪಡಿಸಬೇಕಾದ ಪಾತ್ರ ಅವರದು, ಆದರೆ ನಿಯಮಗಳು ನೆನಪಿನಲ್ಲಿ ನಿಲ್ಲುವುದಿಲ್ಲ. ಮಕ್ಕಳು ರೇಗುತ್ತಾರೆ, ಅಪ್ಪ ಇನ್ನೊಂದು ಚೇಷ್ಟೆ ಮಾಡುತ್ತಾರೆ. ಕೇಳುವವರಿಗೆ ಒಂದು ಮನೆಯ ಊಟದ ಮೇಜಿನ ಪಕ್ಕ ಕೂತಂತಾಗುತ್ತದೆ.

ಈ ಬಗೆಯ ಕಾರ್ಯಕ್ರಮಗಳ ಸೆಳೆತ ಮಾತುಗಾರರ ಚಾತುರ್ಯದಲ್ಲಿದೆ ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಚತುರ ಮಾತುಗಾರರು ಬೇರೆಡೆಯೂ ಇದ್ದಾರೆ. ಇಲ್ಲಿನ ನಗುವಿನ ಬೇರು, ಪಾತ್ರದ ಯತ್ನ ಫಲಿಸಿತೇ ಎಂದು ತೀರ್ಮಾನಿಸುವ ಇಪ್ಪತ್ತು ಮುಖದ ಒಂದು ದಾಳದಲ್ಲಿದೆ. ಎರಡು ದಾಳ ಉರುಳಿಸಿ ಕೂಡಿದರೆ ಮೊತ್ತ ಹೆಚ್ಚಾಗಿ ನಡುಮಧ್ಯದಲ್ಲಿ ನಿಲ್ಲುತ್ತದೆ. ಒಂದೇ ದಾಳದಲ್ಲಿ ಹಾಗಿಲ್ಲ. 1 ಬೀಳುವ ಸಾಧ್ಯತೆಯೂ 20 ಬೀಳುವ ಸಾಧ್ಯತೆಯೂ ತಲಾ ನೂರಕ್ಕೆ ಐದು. 1 ಬಿದ್ದರೆ ಮಹಾವೀರ ಬೀಸಿದ ಕತ್ತಿಯೂ ಖಂಡಿತ ಗುರಿ ತಪ್ಪುತ್ತದೆ. ಆ ಕ್ಷಣದಲ್ಲಿ ಕಥೆ ಹೇಳುವವನೂ ಕೇಳುವವನೂ ಒಂದೇ ದೋಣಿಯಲ್ಲಿರುತ್ತಾರೆ, ಮುಂದೇನೆಂದು ಇಬ್ಬರಿಗೂ ಗೊತ್ತಿಲ್ಲ. ಬರೆದಿಟ್ಟ ಹಾಸ್ಯಕ್ಕೆ ಈ ಬೆಚ್ಚಿಬೀಳುವ ನಗು ದಕ್ಕುವುದಿಲ್ಲ.

ತಾಳಮದ್ದಳೆ ಕೇಳಿ ಬೆಳೆದವರಿಗೆ ಇದರ ಅರ್ಧ ಸುಖ ಪರಿಚಿತವೇ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಆಶುವಾಗಿ ಪಾತ್ರ ಮಾತಾಡುತ್ತದೆ. ಆದರೆ ಅಲ್ಲಿ ಅರ್ಥಧಾರಿ ಎಷ್ಟೇ ವಾದಿಸಲಿ, ಕರ್ಣ ಕೊನೆಗೆ ಸಾಯಲೇಬೇಕು. ಇಲ್ಲಿ ಸಾಯುವುದೂ ಉಳಿಯುವುದೂ ದಾಳದ ಕೈಯಲ್ಲಿ. 2018ರಲ್ಲಿ ಬ್ರೆನ್ನನ್ ಲೀ ಮಲಿಗನ್ ಇದೇ ಆಟದ ‘ಡೈಮೆನ್ಷನ್ 20’ ಎಂಬ ವಿಡಿಯೊ ಸರಣಿ ಆರಂಭಿಸಿದಾಗ, ಕಥೆಯೊಳಗಿನ ಶಾಲೆಯ ಕ್ಯಾಂಟೀನಿನಲ್ಲಿ ನಡೆದ ಮೊದಲ ಕಾಳಗದಲ್ಲೇ ಎರಡು ಮುಖ್ಯ ಪಾತ್ರಗಳು ಸತ್ತವು. ಎದುರಾಳಿ ಮೆಕ್ಕೆಜೋಳದ ರಾಕ್ಷಸರು! ಮೇಜಿನ ಸುತ್ತ ಇದ್ದ ನಟರ ಮುಖದಲ್ಲಿ ನಗು, ಗಾಬರಿ ಎರಡೂ ಒಟ್ಟಿಗೇ ಕಾಣುತ್ತವೆ.

ಮತ್ತೆ ಆ ಕೊಡೆಯ ವಿಷಯ. ‘ಬ್ಯಾಲೆನ್ಸ್’ ಎಂಬ ಆ ಕಥೆ 2017ರವರೆಗೆ ನಡೆಯಿತು. ಕೊನೆಯ ಘಟ್ಟದಲ್ಲಿ ತಿಳಿಯುತ್ತದೆ: ಟಾಕೋ ಇಷ್ಟು ದಿನ ಕೈಯಲ್ಲಿ ಹಿಡಿದು ತಿರುಗಿದ ಕೊಡೆಯೊಳಗೆ ಸೆರೆಯಾಗಿರುವವಳು ಅವನ ಅವಳಿ ಸಹೋದರಿ ಲೂಪ್. ಅವಳ ನೆನಪನ್ನೇ ಅವನಿಂದ ಅಳಿಸಿಹಾಕಲಾಗಿತ್ತು. ತಮಾಷೆಗೆ ಹುಟ್ಟಿದ ಪಾತ್ರದ ದುಃಖ ಕೇಳುಗನನ್ನು ಅಲುಗಾಡಿಸುತ್ತದೆ. ಹತ್ತಾರು ಗಂಟೆ ಜೊತೆಗೆ ನಕ್ಕವನ ನೋವು ನಮ್ಮದೇ ಅನ್ನಿಸುತ್ತದೆ; ಮೊದಲಿನಿಂದಲೂ ಗಂಭೀರವಾಗಿಯೇ ಹೇಳಿದ್ದರೆ ಈ ಸಲುಗೆ ಬೆಳೆಯುತ್ತಿರಲಿಲ್ಲ.

ದೋಷಗಳಿಲ್ಲವೆಂದಲ್ಲ. ಹಳೆಯ ಕಂತಿನ ತಮಾಷೆಯನ್ನೇ ಮತ್ತೆ ಮತ್ತೆ ಎಳೆದು ತರುವ ಚಾಳಿಯಿಂದ ನಡುವೆ ಬಂದು ಸೇರಿದವರು ಹೊರಗೇ ಉಳಿಯುತ್ತಾರೆ. ಇದಕ್ಕಿಂತ ದೊಡ್ಡ ಅಪಾಯ ಯಶಸ್ಸಿನಿಂದ ಬಂದದ್ದು. 2018ರಲ್ಲಿ ‘ಬ್ಯಾಲೆನ್ಸ್’ ಕಥೆಯ ಚಿತ್ರರೂಪದ ಪುಸ್ತಕ ನ್ಯೂಯಾರ್ಕ್ ಟೈಮ್ಸ್‌ನ ಹೆಚ್ಚು ಮಾರಾಟವಾದ ಪುಸ್ತಕಗಳ ಪಟ್ಟಿಯ ತುದಿಗೇರಿತು. 2025ರ ಜನವರಿಯಲ್ಲಿ ‘ಡೈಮೆನ್ಷನ್ 20’ ತಂಡ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಆಡಿತು. ಜನ ಹೆಚ್ಚಿದಷ್ಟೂ ‘ಕಥೆ ಕೆಡಬಾರದು’ ಎಂಬ ಭಯ ಹೆಚ್ಚುತ್ತದೆ. ‘ಬ್ಯಾಲೆನ್ಸ್’ ಕೊನೆಕೊನೆಗೆ ಗ್ರಿಫಿನ್ ಮೊದಲೇ ಹೆಣೆದಿಟ್ಟ ದಾರಿಯಲ್ಲೇ ಸಾಗುತ್ತದೆ, ಆಟಗಾರರ ಆಯ್ಕೆಗೆ ಜಾಗ ಕಿರಿದಾಗುತ್ತದೆ. ಕಣ್ಣಲ್ಲಿ ನೀರು ತರಿಸುವ ಆ ಕಂತುಗಳಲ್ಲಿಯೂ ನನಗೆ ದಾಳದ ಸದ್ದಿನ ಕೊರತೆ ಕಾಡಿತು.

ಕೇಳಬೇಕೆನ್ನುವವರು ‘ಬ್ಯಾಲೆನ್ಸ್’ನ ಮೊದಲ ಕಂತಿನಿಂದಲೇ ಶುರುಮಾಡಿ. ಆರಂಭ ಒರಟಾಗಿದೆ, ನಿಯಮಗಳ ಗೊಂದಲವೂ ಇದೆ. ಆ ಕೊಡೆ ಸಿಗುವವರೆಗಾದರೂ ಬಿಡಬೇಡಿ.