ಕಿತ್ತ ಪ್ಲಗ್ ಎಸೆಯಬೇಡಿ

ಈ ವಾರ ರೇಡಿಯೇಟರ್ ನೀರಿನ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಅದು ಇನ್ನೊಂದು ವಾರ ಕುದಿಯಲಿ. ಅಡಿಕೆ ಕೊಯ್ಲು ಹತ್ತಿರವಾಗುತ್ತಿದ್ದಂತೆ ತರೀಕೆರೆ, ಅಮೃತಾಪುರ ಕಡೆಯ ಪೆಟ್ರೋಲ್ ಪಿಕಪ್‌ನವರದು ಒಂದೇ ದೂರು: ಖಾಲಿ ಓಡುವಾಗ ಗಾಡಿ ಸರಿಯಿದೆ, ಲೋಡ್ ಹಾಕಿ ಏರು ಹತ್ತಿಸಿದರೆ ಮಿಸ್ ಹೊಡೆಯುತ್ತದೆ. ಡೀಸೆಲ್‌ನವರು ಈ ಪುಟ ದಾಟಿ ಹೋಗಬಹುದು. ಅವರ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ; ಗ್ಲೋ ಪ್ಲಗ್‌ನ ಜಾತಕವೇ ಬೇರೆ.

ಲೋಡ್ ಬಿದ್ದಾಗ ಸಿಲಿಂಡರ್ ಒಳಗಿನ ಒತ್ತಡ ಏರುತ್ತದೆ, ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಸವೆದು ಅಂಚು ಉರುಟಾದ, ಗ್ಯಾಪ್ ಅಗಲವಾದ ಪ್ಲಗ್ ಅಲ್ಲಿ ಕೈಕೊಡುತ್ತದೆ. ಸಿಎನ್‌ಜಿ ಗಾಡಿಯಲ್ಲಿ ಇನ್ನೂ ಬೇಗ. ಹಾಗಾಗಿ ಹೊಸದು ಹಾಕುವುದು ಸರಿಯೇ. ಕಿತ್ತು ಹಾಕುವುದು ಹೇಗೆಂದು ಈ ಅಂಕಣ ಓದುವವರಿಗೆ ಹೇಳಿಕೊಡಬೇಕಿಲ್ಲ. ಎಂಜಿನ್ ತಣ್ಣಗಿರಲಿ, ಪ್ಲಗ್ ಗುಂಡಿಯಲ್ಲಿ ಕೂತ ಕೆಂಧೂಳನ್ನು ಕೀಳುವ ಮೊದಲೇ ಗಾಳಿ ಹೊಡೆದು ಹಾರಿಸಿ, ಅಷ್ಟೆ. ನನ್ನ ತಕರಾರು ಇರುವುದು ಕಿತ್ತ ಮೇಲೆ. ಹಳೆಯ ನಾಲ್ಕೂ ಪ್ಲಗ್ಗನ್ನು ಒಂದೇ ಡಬ್ಬಕ್ಕೆ ಟಣ್ ಟಣ್ ಎಂದು ಎಸೆಯುತ್ತಾರಲ್ಲ, ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಎಂಜಿನ್ ಬಿಚ್ಚದೆ ಒಳಗಿನ ಸಮಾಚಾರ ಹೇಳುವ ಸಾಕ್ಷಿ ಅದೊಂದೇ.

ಪಿಂಗಾಣಿಯ ತುದಿ ಕಾಫಿ ಬಣ್ಣಕ್ಕಿದ್ದರೆ ನಿಶ್ಚಿಂತೆ. ನಾಲ್ಕೂ ಒಣ ಮಸಿಯಾಗಿದ್ದರೆ ಮೊದಲು ಏರ್ ಫಿಲ್ಟರ್ ನೋಡಿ. ಒಂದು ಮಾತ್ರ ಎಣ್ಣೆಯಲ್ಲಿ ಅದ್ದಿದಂತಿದ್ದರೆ ಆ ಸಿಲಿಂಡರಿನ ರಿಂಗೋ ವಾಲ್ವ್ ಸೀಲೋ ಹೋಗಿದೆ. ಒಂದೇ ಒಂದು ಬಿಳಿಚಿಕೊಂಡು ಗುಳ್ಳೆಯೆದ್ದಿದ್ದರೆ ಅಲ್ಲಿಗೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲಿಂದಲೋ ಕಳ್ಳಗಾಳಿ ನುಗ್ಗುತ್ತಿದೆ. ಅಂಥ ಗಾಡಿಗೆ ಹೊಸ ಪ್ಲಗ್ ಹಾಕಿ ಕಳಿಸಿದರೆ ಕಾಯಿಲೆ ಹಾಗೇ ಇರುತ್ತದೆ, ಸಾಕ್ಷಿ ಮಾತ್ರ ಗುಜರಿಗೆ.

ಸಾಕ್ಷಿಯನ್ನು ಸರಿಯಾದ ತುದಿಯಿಂದಲೇ ಓದಬೇಕು. ಅಮೃತಾಪುರದ ಅಮೃತೇಶ್ವರ ದೇವಸ್ಥಾನಕ್ಕೆ ಬರುವವರು ಜನ್ನನ ಪದ್ಯಗಳಿರುವ ಶಾಸನದ ಮುಂದೆ, ಮಲ್ಲಿತಮ್ಮ ಕೆತ್ತಿದ ಭುವನೇಶ್ವರಿಗಳ ಕೆಳಗೆ ನಿಂತು ಬೆರಗಾಗುತ್ತಾರೆ; ಹೊರಗೋಡೆಗೆ ಮಾತ್ರ ಸುಮ್ಮನೆ ಒಂದು ಸುತ್ತು ಹಾಕಿ ಹೋಗಿಬಿಡುತ್ತಾರೆ. ದಕ್ಷಿಣದ ಗೋಡೆಯಲ್ಲಿ ಎಪ್ಪತ್ತು ಫಲಕಗಳಲ್ಲಿ ರಾಮಾಯಣವಿದೆ, ಆದರೆ ಹೊಯ್ಸಳರ ವಾಡಿಕೆಗೆ ವಿರುದ್ಧವಾಗಿ ಅದು ಅಪ್ರದಕ್ಷಿಣೆಯಾಗಿ ಸಾಗುತ್ತದೆ. ರೂಢಿಯಂತೆ ಪ್ರದಕ್ಷಿಣೆ ಹಾಕುತ್ತಾ ನೋಡಿದವನಿಗೆ ಕಥೆ ಹಿಂದುಮುಂದು. ಉತ್ತರದ ಗೋಡೆಯ ಕೃಷ್ಣಕಥೆ, ಮಹಾಭಾರತಗಳು ಮಾತ್ರ ಪ್ರದಕ್ಷಿಣೆಯಲ್ಲೇ ಇವೆ. ಶಿಲ್ಪಿಗಳು ಯಾಕೆ ಹೀಗೆ ಮಾಡಿದರೋ, ಆ ಗೋಡೆಯ ಮುಂದೆ ನಿಂತಾಗಲೆಲ್ಲ ನನಗೆ ಪ್ಲಗ್‌ಗಳ ಸಾಲು ನೆನಪಾಗುತ್ತದೆ. ಒಂದನೇ ಸಿಲಿಂಡರ್ ಯಾವ ಕಡೆಯದೆಂದು ತಿಳಿಯದೆ ಸಾಲಾಗಿಟ್ಟರೆ ನಾಲ್ಕನೆಯದರ ರೋಗಕ್ಕೆ ಒಂದನೆಯದನ್ನು ಬಿಚ್ಚುತ್ತೀರಿ. ಹಳೆಯ ಪೆಟ್ರೋಲ್ ಸೂಪರ್ ಕ್ಯಾರಿಯ ಎಂಜಿನ್ 1196 ಸಿಸಿ. ಈ ದೇವಸ್ಥಾನವನ್ನು ವೀರಬಲ್ಲಾಳನ ದಂಡನಾಯಕ ಕಟ್ಟಿಸಿದ್ದೂ 1196ರಲ್ಲಿ. ಕಾಕತಾಳೀಯಕ್ಕೆ ಅರ್ಥ ಹುಡುಕುವವನಲ್ಲ ನಾನು, ಆದರೂ ಬರೆಯದೆ ಇರಲಾಗಲಿಲ್ಲ.

ಇನ್ನು ಉಪ್ಪುಕಾಗದ ಪಂಥದವರು. ತಿಕ್ಕಿ ಬೆಳ್ಳಗೆ ಮಾಡಿ ವಾಪಸ್ ಹಾಕುವವರ ಜೊತೆ ನನ್ನ ಜಗಳ ಹಳೆಯದು. ತಂತಿ ಬ್ರಷ್ಷಿನಲ್ಲಿ ಉಜ್ಜಿದರೆ ಲೋಹದ ಗೆರೆ ಪಿಂಗಾಣಿಗೆ ಅಂಟುತ್ತದೆ, ಕರೆಂಟ್ ಗ್ಯಾಪ್ ಹಾರುವುದು ಬಿಟ್ಟು ಆ ಗೆರೆ ಹಿಡಿದು ಸೋರಿಹೋಗುತ್ತದೆ. ಇವರ ಎದುರು ಪಾಳಯ ಇರಿಡಿಯಂನವರದು. ಅದು ಬಾಳಿಕೆ ಬರುವುದು ನಿಜ, ಸಿಎನ್‌ಜಿಗೆ ಒಳ್ಳೆಯದೂ ಹೌದು. ಆದರೆ ಲಕ್ಷ ಕಿಲೋಮೀಟರ್ ಸೀಟು ಎತ್ತುವುದೇ ಬೇಡ ಎಂದು ಬೀಗುವವನು ಅಷ್ಟೂ ದಿನ ಎಂಜಿನ್‌ನ ಯೋಗಕ್ಷೇಮ ವಿಚಾರಿಸುವುದಿಲ್ಲ ಎಂದೇ ಅರ್ಥ. ನನ್ನ ಓಟು ಸಾದಾ ನಿಕ್ಕಲ್ ಪ್ಲಗ್‌ಗೆ.

ಕೊಳ್ಳುವಾಗ ನಂಬರ್ ನೋಡಿ ಮೋಸಹೋಗಬೇಡಿ. ಎನ್‌ಜಿಕೆಯಲ್ಲಿ ನಂಬರ್ ಏರಿದಷ್ಟೂ ಪ್ಲಗ್ ಕೋಲ್ಡ್. ಈಗಿನ ಬಾಷ್‌ನಲ್ಲಿ ಏರಿದಷ್ಟೂ ಹಾಟ್. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಪ್ಲಗ್ ಮಾಡುತ್ತಿದ್ದ ನಮ್ಮ ಮೈಕೋ 2008ರಲ್ಲಿ ಹೆಸರಲ್ಲೂ ಬಾಷ್ ಆಯಿತು. ಅದರ ಹಳೆಯ ಪ್ಲಗ್‌ಗಳ 145, 175, 225ರ ಲೆಕ್ಕ ಮತ್ತೆ ತಿರುಗಾಮುರುಗಾ, ಅಲ್ಲಿ ದೊಡ್ಡ ಅಂಕಿಯೇ ಕೋಲ್ಡ್. ಒಂದು ಕಂಪನಿಯ ಏಳಕ್ಕೆ ಇನ್ನೊಂದರ ಏಳು ಕೊಡುವ ಅಂಗಡಿಯವನ ಹತ್ತಿರ ಹೊಂದಾಣಿಕೆ ಪಟ್ಟಿ ಕೇಳಿ. ಇಲ್ಲವೆಂದರೆ ಬೇರೆ ಅಂಗಡಿ.

ಹಾಕುವಾಗ ತುದಿಗೆ ಒಂದು ತುಂಡು ಪೆಟ್ರೋಲ್ ಪೈಪ್ ಸಿಕ್ಕಿಸಿ ಬೆರಳಲ್ಲೇ ತಿರುಗಿಸಿ. ಥ್ರೆಡ್ ಅಡ್ಡ ಹಿಡಿದರೆ ಪೈಪ್ ಜಾರುತ್ತದೆ, ಹೆಡ್ ಉಳಿಯುತ್ತದೆ. ವಾಷರ್ ಇರುವ ಹೊಸ ಪ್ಲಗ್ ಕೂತ ಮೇಲೆ ಪಾನಾದಲ್ಲಿ ಅರ್ಧ ಸುತ್ತು, ಹೆಚ್ಚೆಂದರೆ ಮೂರನೇ ಎರಡು. ಪಾನಾಕ್ಕೆ ಉದ್ದನೆಯ ಪೈಪ್ ತೂರಿಸಿ ತೂಗುಬೀಳುವ ಹುಡುಗನಿಗೆ ಚಹಾ ತರಲು ಹೇಳಿ.