ನಾಯಿಯ ಬೆನ್ನು ಓದುವ ಕಣ್ಣು

ಮಣಿಪಾಲದ ಅಂಗರಚನಾ ಮ್ಯೂಸಿಯಂನಲ್ಲಿ ಪ್ರಾಣಿಗಳ ಅಸ್ಥಿಪಂಜರ ಕಂಡವರಿಗೆ ಎಲುಬಿನ ಚೆಲುವು ಗೊತ್ತು. ಜೀವಂತ ನಾಯಿಯ ಬೆನ್ನನ್ನು ಎಂಆರ್‌ಐಯಲ್ಲಿ ಓದುವ ಪಶುವೈದ್ಯರ ಕಣ್ಣಿಗೆ ಮಾತ್ರ ನಾನು ಪೂರಾ ಮಾರುಹೋಗಿದ್ದೇನೆ. ನಾಯಿ ಅರಿವಳಿಕೆಯಲ್ಲಿ ಮಲಗಿರುತ್ತದೆ. ಪರದೆಯ ಮೇಲೆ ನಮಗೆ ಕಾಣುವುದು ಬರೀ ಬೂದು ಛಾಯೆ. ಅವರಿಗೋ, ಟಿ2 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಬೆಳ್ಳಗೆ ಹೊಳೆಯುವ ದ್ರವದ ನಡುವೆ ಬೂದುಬಣ್ಣದ ಬೆನ್ನುಹುರಿ, ಅದರ ಕೆಳಗೆ ಕಶೇರುಕಗಳ ನಡುವಿನ ಸಾಲು ಡಿಸ್ಕ್‌ಗಳು. ಆರೋಗ್ಯವಂತ ಡಿಸ್ಕಿನ ತಿರುಳು ಬೊಂಡದ ಗಂಜಿಯಂತೆ ನೀರು ತುಂಬಿ ಬಿಳುಪಾಗಿರುತ್ತದೆ, ಒಣಗಿದ್ದು ಕಪ್ಪು. ಡ್ಯಾಶ್‌ಹುಂಡ್‌ಗಳಲ್ಲಿ ಈ ಕಪ್ಪು ಎಳೆ ಪ್ರಾಯದಲ್ಲೇ ಇಳಿಯುತ್ತದೆ, ಪಾಪ.

ಕಶೇರುಕಗಳ ಎಣಿಕೆಯಂತೂ ಅಪ್ಪಟ ಕುಶಲತೆ. ಕತ್ತಿನ ಎರಡನೇ ಕಶೇರುಕದ ಹಲ್ಲಿನಾಕಾರದ ಮೊನೆ ಹಿಡಿದು ಶುರು: ಕತ್ತಿಗೆ 7, ಎದೆಗೆ 13, ಸೊಂಟಕ್ಕೆ 7. ಒಂದು ತಪ್ಪಿದರೆ ಶಸ್ತ್ರವೈದ್ಯರ ಕತ್ತರಿ ಬೇರೆಡೆ ಇಳಿದೀತು. ಹುರಿಯ ತುದಿ ಹುಡುಕಲೂ ಇದೇ ಎಣಿಕೆ ಬೇಕು: ನಮ್ಮ ಬೆನ್ನುಹುರಿ ಸೊಂಟದ ಮೇಲ್ತುದಿಯಲ್ಲೇ ಮುಗಿದರೆ, ಹೆಚ್ಚಿನ ನಾಯಿಗಳಲ್ಲಿ ಅದು ಸೊಂಟದ 6ನೇ ಕಶೇರುಕದ ಆಸುಪಾಸಿನವರೆಗೂ ಇಳಿದಿರುತ್ತದೆ.